ನಿಮ್ಮೂರಿನ ರೇಡಿಯೋ ನಿಲಯದ ಚರಿತ್ರೆ ಬರೆಯೋದು ಹೇಗೆ? ಭದ್ರಾವತಿ 675ನ್ನು ಮುಂದಿಟ್ಟುಕೊಂಡು ಹೇಳ್ತೀನಿ

ರೇಡಿಯೋ ನಿಲಯದ ಚರಿತ್ರೆ ಬರೆಯಲು ಹೊರಟವರು ಮೊದಲು ಹೋಗುವುದು ನಿಲಯದ ಗೇಟಿಗೆ. ಉದ್ಘಾಟನೆ ಯಾರು ಮಾಡಿದರು, ಮೊದಲ ಅಧಿಕಾರಿ ಯಾರು, ಯಾವ ದೊಡ್ಡವರು ಬಂದು ಹಾಡಿದರು ಅಂತ ಪಟ್ಟಿ ಮಾಡಿಕೊಂಡು ಬರುತ್ತಾರೆ. ತಪ್ಪೇನಿಲ್ಲ. ಆದರೆ ಅದು ಆಫೀಸಿನ ಚರಿತ್ರೆ, ರೇಡಿಯೋದ್ದಲ್ಲ.

ನಾನು ತರೀಕೆರೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಈಗ ಅದೇ ಮಳಿಗೆಯಲ್ಲಿ ಮಗ ಮೊಬೈಲ್ ಕವರ್ ಮಾರುತ್ತಾನೆ. ಕಾಲೇಜು ಹುಡುಗರು ಪ್ರಾಜೆಕ್ಟ್ ಅಂತ ಬಂದು ಕೇಳಿದಾಗ ನಾನು ಹೇಳುವುದು ಇಷ್ಟೇ. ನಿಲಯ ಯಾವ ಊರಿನವರೆಗೆ, ಯಾವ ಹೊತ್ತಿಗೆ, ಎಂಥ ಸೆಟ್ಟಿನಲ್ಲಿ ಕೇಳಿಸುತ್ತಿತ್ತು ಅನ್ನುವುದನ್ನು ಮೊದಲು ಹಿಡಿಯಿರಿ. ಕಾರ್ಯಕ್ರಮ, ಕಲಾವಿದರು, ಕಟ್ಟಡ ಎಲ್ಲ ಆಮೇಲೆ. ಕೇಳಿಸದೇ ಇದ್ದ ಊರಿಗೆ ಆ ನಿಲಯ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಅಲ್ವಾ?

ಉದಾಹರಣೆಗೆ ನಮ್ಮ ಭದ್ರಾವತಿ ನಿಲಯವನ್ನೇ ತೆಗೆದುಕೊಳ್ಳುತ್ತೇನೆ. ಮೀಡಿಯಂ ವೇವ್ ಪಟ್ಟಿಯಲ್ಲಿ 675 ಕಿಲೋಹರ್ಟ್ಸ್, ಅಂದರೆ ಡಯಲ್ ಮೇಲೆ ಮುಳ್ಳು ನಿಲ್ಲಬೇಕಾದ ಸಂಖ್ಯೆ. ಈಗ ಎಫ್‌ಎಂ 103.5ರಲ್ಲೂ ಬರುತ್ತದೆ. ನಿಮ್ಮೂರಿನದು ಬೇರೆ ನಿಲಯವಾದರೂ ದಾರಿ ಇದೇ.

ಮೊದಲು ಹಿಂದುಮುಂದು ಗೊತ್ತು ಮಾಡಿಕೊಳ್ಳಿ

ಭದ್ರಾವತಿ ನಿಲಯ ಶುರುವಾದದ್ದು 1965ರ ಫೆಬ್ರವರಿ 7ರಂದು. ಈ ಒಂದು ತಾರೀಖು ಬರೆದುಕೊಂಡು ಸುಮ್ನೆ ಕೂತರೆ ಪ್ರಯೋಜನವಿಲ್ಲ. ಅದರ ಹಿಂದೆ ಏನಿತ್ತು ನೋಡಿ. ಧಾರವಾಡ ನಿಲಯ 1950ರ ಜನವರಿ 8ಕ್ಕೆ ಬಂತು. ಬೆಂಗಳೂರು 1955ರ ನವೆಂಬರ್ 2ಕ್ಕೆ. ಅಂದರೆ 1965ಕ್ಕೆ ಮೊದಲು ಮಲೆನಾಡಿನಲ್ಲಿ ರೇಡಿಯೋ ಇದ್ದ ಮನೆಗಳು ಕನ್ನಡ ಕೇಳಬೇಕಾದರೆ ದೂರದ ಈ ನಿಲಯಗಳನ್ನೇ ಹುಡುಕಬೇಕಿತ್ತು. ಮುಂದೆ ಏನಾಯಿತು ಅಂತಲೂ ನೋಡಿ. 1966ರಲ್ಲಿ ಕಲಬುರಗಿ ಬಂತು, 1976ರಲ್ಲಿ ಮಂಗಳೂರು. ಅದರ ಟ್ರಾನ್ಸ್‌ಮಿಟರ್, ಅಂದರೆ ಅಲೆ ಕಳಿಸುವ ಯಂತ್ರ, ಇರುವುದು ಬ್ರಹ್ಮಾವರದಲ್ಲಿ. ಈ ಸಾಲಿನಲ್ಲಿ ನಿಮ್ಮ ನಿಲಯ ಎಲ್ಲಿ ಬರುತ್ತದೆ ಅಂತ ಗೊತ್ತಾದರೆ, ಅದು ಬರುವ ಮೊದಲು ನಿಮ್ಮ ಜನ ಯಾರನ್ನು ಕೇಳುತ್ತಿದ್ದರು ಅನ್ನುವ ಪ್ರಶ್ನೆ ತಾನಾಗಿ ಎದ್ದು ಬರುತ್ತದೆ. ಅಲ್ಲಿಂದ ಬರೆಯಲು ಶುರು ಮಾಡಿ.

‘ದೇಶದಲ್ಲೇ ಮೊದಲು’ ಅನ್ನುವ ಮಾತು ಕಂಡಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಕೊಳ್ಳಿ. ಮೈಸೂರಿನ ಬಗ್ಗೆ ಈ ಮಾತು ಜಾಸ್ತಿ ಓಡಾಡುತ್ತದೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಇದ್ದದ್ದು 30 ವಾಟಿನ ಟ್ರಾನ್ಸ್‌ಮಿಟರ್. ಮನೆಯ ಒಂದು ಬಲ್ಬಿನಷ್ಟು ಶಕ್ತಿ, ಅಷ್ಟೇ. ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದರೆ ಮದ್ರಾಸಿನಲ್ಲಿ 1924ರಲ್ಲೇ ರೇಡಿಯೋ ಕ್ಲಬ್ಬು ಪ್ರಸಾರ ಮಾಡಿತ್ತು. ಮುಂಬೈಯಲ್ಲಿ 1927ರಲ್ಲಿ ಖಾಸಗಿ ಕಂಪನಿಯೊಂದರ ನಿಲಯ ಬಂದಿತ್ತು. ಮೈಸೂರಿನ ಹೆಚ್ಚುಗಾರಿಕೆ ಬೇರೆ ಇದೆ. ಇವತ್ತು ದೇಶವೆಲ್ಲ ಕರೆಯುವ ‘ಆಕಾಶವಾಣಿ’ ಹೆಸರು ನಿಲಯವೊಂದಕ್ಕೆ ಅಂಟಿದ್ದು ಅಲ್ಲಿ. ಇರುವ ಹೆಮ್ಮೆಯೇ ಸಾಕು, ಇಲ್ಲದ್ದನ್ನು ಸೇರಿಸಬೇಡಿ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ನಿಲಯ ಈ ಊರಿಗೇ ಯಾಕೆ ಬಂತು? ಜಿಲ್ಲಾ ಕೇಂದ್ರ ಶಿವಮೊಗ್ಗ ಅಲ್ಲೇ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ನಿಲಯ ಮಾತ್ರ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಇದ್ದ ಭದ್ರಾವತಿಯಲ್ಲಿ. ಶಿವಮೊಗ್ಗದ ನಮ್ಮ ನೆಂಟರೊಬ್ಬರು ಈಗಲೂ ಈ ಮಾತು ಬಂದರೆ ಸೊಟ್ಟ ಮುಖ ಮಾಡುತ್ತಾರೆ. ಚಹಾ ಅಂಗಡಿಯಲ್ಲಿ ಇದಕ್ಕೆ ಹತ್ತು ಉತ್ತರ ಸಿಗುತ್ತವೆ. ಹತ್ತನ್ನೂ ಬರೆದುಕೊಳ್ಳಿ, ಒಂದನ್ನೂ ನಂಬಬೇಡಿ. ಕಾಗದ ಸಿಗುವವರೆಗೆ ಅದು ಮಾತು ಮಾತ್ರ.

ಮುಳ್ಳು ಎಲ್ಲಿ ನಿಲ್ಲುತ್ತದೆ

ಈಗ ನನ್ನ ಕಸುಬಿಗೆ ಬಂದೆ. ಹಳೆಯ ಸೆಟ್ಟಿನ ಡಯಲ್ ಮೇಲೆ ಕಿಲೋಸೈಕಲ್ ಅಂತ ಇರುತ್ತದೆ, ಅಥವಾ ಮೀಟರ್ ಅಂತ. ಹೆದರಬೇಡಿ. ಮೂರು ಲಕ್ಷವನ್ನು ಕಿಲೋಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಮೀಟರ್, ಅಂದರೆ ಅಲೆಯ ಉದ್ದ, ಸಿಗುತ್ತದೆ. 675 ಅಂದರೆ 444 ಮೀಟರ್ ಚಿಲ್ಲರೆ. ಕಿಲೋಸೈಕಲ್, ಕಿಲೋಹರ್ಟ್ಸ್ ಎರಡೂ ಒಂದೇ.

ತಾರೀಖಿಲ್ಲದ ಕಾಗದಕ್ಕೆ ಕಾಲ ಗೊತ್ತು ಮಾಡಲು ಒಂದು ಒಳ್ಳೆಯ ಉಪಾಯವಿದೆ. 1975ರಲ್ಲಿ ಜಿನೀವಾದಲ್ಲಿ ದೇಶಗಳೆಲ್ಲ ಕೂತು ಮೀಡಿಯಂ ವೇವ್ ಜಾಗ ಹಂಚಿಕೊಂಡವು. ಯುರೋಪು, ಆಫ್ರಿಕಾ, ಏಷ್ಯಾಗಳಲ್ಲಿ ನಿಲಯಗಳು 9 ಕಿಲೋಹರ್ಟ್ಸಿಗೆ ಒಂದರಂತೆ ನಿಲ್ಲಬೇಕು ಅಂತ ಆಯಿತು. ಅದು ಜಾರಿಗೆ ಬಂದದ್ದು 1978ರ ನವೆಂಬರ್ 23ರಂದು. ಅದಕ್ಕೇ ಈಗಿನ ಸಂಖ್ಯೆಗಳನ್ನು ನೋಡಿ: ಭದ್ರಾವತಿ 675, ಬೆಂಗಳೂರು 612, ಧಾರವಾಡ 765, ಮಂಗಳೂರು 1089, ಕಲಬುರಗಿ 1107. ಎಲ್ಲವೂ ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತವೆ. ಅದಕ್ಕೆ ಮೊದಲು ನಮ್ಮ ಕಡೆ ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಗಳು ಸಾಮಾನ್ಯವಾಗಿದ್ದವು. ಹಾಗಾಗಿ ಹಳೆಯ ಆಹ್ವಾನ ಪತ್ರಿಕೆಯಲ್ಲೋ ಡಯಲ್ ಗಾಜಿನ ಮೇಲೆ ಯಾರೋ ಅಂಟಿಸಿದ ಚೀಟಿಯಲ್ಲೋ ಒಂಬತ್ತರಿಂದ ಭಾಗವಾಗದ ಸಂಖ್ಯೆ ಕಂಡರೆ, ಅದು 1978ಕ್ಕಿಂತ ಹಿಂದಿನದು ಅಂತ ಮೊದಲ ಅಂದಾಜು ಮಾಡಬಹುದು. 720ರಂಥ ಸಂಖ್ಯೆ ಎರಡು ಲೆಕ್ಕಕ್ಕೂ ಹೊಂದುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ, ಬಿಡಿ.

ಕಾಗದಕ್ಕೆ ಇನ್ನೂ ಎರಡು ಗುರುತುಗಳಿವೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಅಂತ ಅಚ್ಚಾಗಿದ್ದರೆ ಬಹುಮಟ್ಟಿಗೆ 1973ರ ನವೆಂಬರಿಗಿಂತ ಹಿಂದಿನದು. ಸರ್ಕಾರಿ ಕಚೇರಿಗಳು ಹಳೇ ಲೆಟರ್‌ಹೆಡ್ ಮುಗಿಯುವವರೆಗೂ ಬಿಡುವುದಿಲ್ಲ, ಅದಕ್ಕೇ ‘ಬಹುಮಟ್ಟಿಗೆ’ ಅಂದೆ.

ಸ್ಟುಡಿಯೋ ಒಂದು ಕಡೆ, ಟ್ರಾನ್ಸ್‌ಮಿಟರ್ ಇನ್ನೊಂದು ಕಡೆ ಇರುವುದು ಮಾಮೂಲು. ಜನ ಕಟ್ಟಡ ತೋರಿಸುತ್ತಾರೆ, ನೀವು ಟವರನ್ನು ಹುಡುಕಿ. ಟ್ರಾನ್ಸಿಸ್ಟರ್ ರೇಡಿಯೋದ ಒಳಗೆ ಕಪ್ಪು ಬಣ್ಣದ ಫೆರೈಟ್ ಕಡ್ಡಿ ಇರುತ್ತದೆ, ಅದಕ್ಕೆ ತಂತಿ ಸುತ್ತಿರುತ್ತದೆ. ಮೀಡಿಯಂ ವೇವಿಗೆ ಅದೇ ಆಂಟೆನಾ. ಉದ್ದದ ಕೋಲು ಶಾರ್ಟ್ ವೇವಿಗೆ, ಎಫ್‌ಎಂಗೆ. ನಿಲಯ ಹಿಡಿದು, ಸೆಟ್ಟನ್ನು ಮಟ್ಟಸವಾಗಿ ಇಟ್ಟುಕೊಂಡು ನಿಧಾನವಾಗಿ ತಿರುಗಿಸಿ. ಒಂದು ಕಡೆ ಸದ್ದು ಪೂರಾ ಬಿದ್ದುಹೋಗುತ್ತದೆ. ಆಗ ಕಡ್ಡಿಯ ತುದಿ ನಿಲಯದ ಕಡೆಗೋ, ಅದರ ನೇರ ಹಿಂದಕ್ಕೋ ಇರುತ್ತದೆ. ನಕ್ಷೆಯಲ್ಲಿ ಆ ಗೆರೆ ಎಳೆಯಿರಿ. ಬೇರೆ ದಿಕ್ಕಿನ ಇನ್ನೊಂದು ಊರಿಗೆ ಹೋಗಿ ಇದನ್ನೇ ಮಾಡಿ. ಎರಡು ಗೆರೆ ಕೂಡಿದ ಜಾಗದಲ್ಲಿ ಟವರ್. ಹುಡುಗರಿಗೆ ಈ ಆಟ ತುಂಬ ಇಷ್ಟ.

ಟವರಿನ ಹತ್ತಿರ ಹೋದಾಗ ಬೇಲಿ ದಾಟಬೇಡಿ. ತಮಾಷೆಯ ಮಾತಲ್ಲ. ಮೀಡಿಯಂ ವೇವಿನಲ್ಲಿ ಸಾಮಾನ್ಯವಾಗಿ ಇಡೀ ಕಂಬವೇ ಆಂಟೆನಾ. ಬುಡದಲ್ಲಿ ಪಿಂಗಾಣಿಯ ಇನ್ಸುಲೇಟರ್ ಮೇಲೆ ನಿಂತಿರುತ್ತದೆ, ಪ್ರಸಾರವಿದ್ದಾಗ ಮುಟ್ಟಿದರೆ ಸುಟ್ಟುಹೋಗುತ್ತೀರಿ. ಕಂಬದ ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನು ಹೂತಿರುತ್ತಾರೆ. ಅದಕ್ಕೇ ಅಷ್ಟು ದೊಡ್ಡ ಬಯಲು ಬೇಕು. ಕಂಬಕ್ಕೆ ಅಲೆಯ ಉದ್ದದ ಕಾಲು ಭಾಗ ಎತ್ತರವಿದ್ದರೆ ಒಳ್ಳೆಯದು. 675ಕ್ಕೆ ಅದು 111 ಮೀಟರ್ ಆಗುತ್ತದೆ. ನಿಮ್ಮೂರಿನ ಟವರಿನ ನಿಜವಾದ ಎತ್ತರ ಎಷ್ಟು ಅಂತ ಎಂಜಿನಿಯರ್ ವಿಭಾಗದವರನ್ನೇ ಕೇಳಿ. ಕಾರ್ಯಕ್ರಮ ವಿಭಾಗದವರಿಗಿಂತ ಇವರು ಖುಷಿಯಿಂದ ಮಾತಾಡುತ್ತಾರೆ. ಇವರನ್ನು ಯಾರೂ ಕೇಳಿರುವುದಿಲ್ಲ ನೋಡಿ.

ಕೇಳಿಸಿದ ಊರುಗಳ ನಕ್ಷೆ

ಇದೇ ಮುಖ್ಯ ಕೆಲಸ. ಹಗಲಿನಲ್ಲಿ ಮೀಡಿಯಂ ವೇವ್ ಅಲೆ ನೆಲ ಹಿಡಿದು ಹೋಗುತ್ತದೆ. ತೇವದ ಮಣ್ಣಿನ ಮೇಲೆ ಚೆನ್ನಾಗಿ ಹೋಗುತ್ತದೆ, ಕಲ್ಲುಗುಡ್ಡಗಳಲ್ಲಿ ಬೇಗ ಸೋಲುತ್ತದೆ. ಮೇಲಕ್ಕೆ ಹೋದ ಅಲೆಯನ್ನು ಹಗಲು ಹೊತ್ತು ಆಕಾಶದ ಒಂದು ಪದರ ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದಕ್ಕೂ ಮೇಲಿನ ಪದರಕ್ಕೆ ಅಲೆ ಬಡಿದು ನೂರಾರು ಕಿಲೋಮೀಟರ್ ಆಚೆಗೆ ಬೀಳುತ್ತದೆ. ರಾತ್ರಿ ದೂರದ ನಿಲಯಗಳು ಬರುವುದು ಇದಕ್ಕೇ. ಹತ್ತಿರದ ನಿಲಯದ ಮೇಲೆ ಇನ್ಯಾವುದೋ ಭಾಷೆ ಹತ್ತಿ ಕೂರುವುದೂ ಇದಕ್ಕೇ. ಆದ್ದರಿಂದ ‘ನಮ್ಮೂರಲ್ಲಿ ಭದ್ರಾವತಿ ಬರ್ತಿತ್ತು’ ಅಂತ ಯಾರಾದರೂ ಅಂದರೆ, ಬೆಳಿಗ್ಗೆಯೋ ರಾತ್ರಿಯೋ ಅಂತ ಕೇಳದೆ ಬರೆದುಕೊಳ್ಳಬೇಡಿ.

ಮೀಡಿಯಂ ವೇವ್ ಪ್ರಸಾರ ಈಗ ಎಷ್ಟೋ ಕಡೆ ನಿಂತಿದೆ. ನಿಮ್ಮ ನಿಲಯದ್ದು ಇನ್ನೂ ಇದ್ದರೆ ತಡ ಮಾಡದೆ ಅಳತೆ ಮಾಡಿ. ಸೆಲ್ ಹಾಕುವ ಒಂದು ಸೆಟ್ಟು ತೆಗೆದುಕೊಳ್ಳಿ. ಎಲ್ಲ ಊರಿಗೂ ಅದೇ ಸೆಟ್ಟು ಹೋಗಬೇಕು, ಹೊಸ ಸೆಲ್ ಇರಬೇಕು. ಮಧ್ಯಾಹ್ನದ ಹೊತ್ತು ಹೋಗಿ. ಮನೆಯೊಳಗೆ ಕೇಳಬೇಡಿ. ಎಲ್ಇಡಿ ಬಲ್ಬು, ಯುಪಿಎಸ್, ಮೊಬೈಲ್ ಚಾರ್ಜರ್ ಸೇರಿಕೊಂಡು ಗೊರ್ ಅನ್ನಿಸುತ್ತವೆ. ಕರೆಂಟ್ ಲೈನಿನಿಂದ ದೂರ, ತೋಟದಲ್ಲೋ ಗದ್ದೆ ಬದುವಿನಲ್ಲೋ ನಿಂತು ಕೇಳಿ. ‘ಮಾತು ಸ್ಪಷ್ಟ’, ‘ಮಾತು ತಿಳಿಯುತ್ತದೆ ಆದರೆ ಗೊರಗೊರ’, ‘ನಿಲಯ ಇದೆ ಅಂತ ಗೊತ್ತಾಗುತ್ತದೆ ಅಷ್ಟೇ’, ‘ಇಲ್ಲ’. ಈ ನಾಲ್ಕರಲ್ಲಿ ಒಂದು ಬರೆಯಿರಿ, ಸಾಕು.

ಹಳೆಯ ಕಾಲದ ನಕ್ಷೆಗೆ ಬೇರೆ ದಾರಿ ಹಿಡಿಯಬೇಕು. ಅದಕ್ಕೆ ನನ್ನಂಥವರ ಪುಸ್ತಕ ಬೇಕು. ರಿಪೇರಿಗೆ ಬಂದ ಸೆಟ್ಟಿಗೆ ನಾವು ಹೆಸರು, ಊರು, ಸೆಟ್ಟಿನ ಕಂಪನಿ, ಏನು ಕೆಟ್ಟಿದೆ ಅಂತ ಒಂದು ಸಾಲು ಬರೆದಿಡುತ್ತಿದ್ದೆವು. ನನ್ನ ಪುಸ್ತಕ ತೆಗೆದರೆ ಲಕ್ಕವಳ್ಳಿ, ಲಿಂಗದಹಳ್ಳಿ, ಅಜ್ಜಂಪುರ, ಶಿವನಿ, ಬೀರೂರು ಎಲ್ಲ ಅದರಲ್ಲಿವೆ. ಫಿಲಿಪ್ಸ್, ಮರ್ಫಿ, ಬುಷ್, ನೆಲ್ಕೊ. ಯಾವ ಊರಿನಲ್ಲಿ ಎಂಥ ಸೆಟ್ಟು ಇತ್ತು ಅಂತ ಅದರಿಂದ ತಿಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡದ ಕಡೆಯ ಸೆಟ್ಟುಗಳು ಒಳಗಿನ ತಂತಿ ಸುರುಳಿಗೆ (ಕಾಯಿಲ್) ಹಸಿ ಹಿಡಿದು ಬರುತ್ತಿದ್ದವು. ಅಡಿಕೆ ಸುಗ್ಗಿ ಮುಗಿದ ಮೇಲೆ ಹೊಸ ಸೆಟ್ಟಿನವರು ಬರುತ್ತಿದ್ದರು. ಡಯಲ್ ದಾರ ಹರಿದ ಕೇಸು ಅಂತೂ ವರ್ಷವಿಡೀ. ಮನೆಯವರು ಒಂದೇ ನಿಲಯ ಕೇಳುತ್ತಿದ್ದರೆ ದಾರ ಅಷ್ಟು ಸವೆಯುವುದಿಲ್ಲ. ರಾತ್ರಿ ಶಾರ್ಟ್ ವೇವಿನಲ್ಲಿ ರೇಡಿಯೋ ಸಿಲೋನ್ ಹುಡುಕಿ ಹುಡುಕಿ ತಿರುಗಿಸುವ ಹುಡುಗರಿದ್ದ ಮನೆಯ ದಾರ ಬೇಗ ಹೋಗುತ್ತಿತ್ತು. ಕಡೂರಿನ ಕಡೆಯ ಕೆಲವರು, ಭದ್ರಾವತಿಗಿಂತ ಬೆಂಗಳೂರೇ ಸರಿಯಾಗಿ ಬರೋ ಹಾಗೆ ಮಾಡಿಕೊಡಿ ಅಂತ ಕೇಳುತ್ತಿದ್ದರು. ಇದನ್ನೆಲ್ಲ ನಿಲಯದ ದಫ್ತರು ಹೇಳುವುದಿಲ್ಲ. ನಿಮ್ಮೂರಿನಲ್ಲಿ ರಿಪೇರಿ ಅಂಗಡಿ ಮುಚ್ಚಿದವರು ಯಾರಾದರೂ ಇದ್ದರೆ, ಮನೆಯ ಅಟ್ಟ ನೋಡಲು ಬಿಡಿ ಅಂತ ಕೇಳಿ. ಹೋಗುವಾಗ ಒಂದು ಪ್ಯಾಕೆಟ್ ಬಿಸ್ಕತ್ತು ಹಿಡಿದುಕೊಂಡು ಹೋಗಿ. ಕೆಲಸ ಬೇಗ ಆಗುತ್ತದೆ.

ಹಿರಿಯರ ಹತ್ತಿರ ಏನು ಕೇಳಬೇಕು

‘ನಿಮಗೆ ರೇಡಿಯೋ ಅಂದರೆ ಏನನ್ನಿಸುತ್ತದೆ ಅಜ್ಜಿ’ ಅಂತ ಕೇಳಬೇಡಿ. ಟೀವಿಯವರು ಕೇಳುವ ಪ್ರಶ್ನೆ ಅದು. ‘ತುಂಬ ಚೆನ್ನಾಗಿತ್ತಪ್ಪ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸೆಟ್ಟು ಯಾರು ತಂದರು, ಎಲ್ಲಿಂದ, ದುಡ್ಡು ಯಾವುದರದ್ದು ಅಂತ ಕೇಳಿ. ಪಡಸಾಲೆಯಲ್ಲಿ ಇಟ್ಟಿದ್ದರೋ ಅಡುಗೆಮನೆಗೂ ಬರುತ್ತಿತ್ತೋ? ರೇಡಿಯೋದ ಕಿವಿ ತಿರುಗಿಸುವ ಹಕ್ಕು ಯಾರಿಗಿತ್ತು? ಶಕ್ತಿ ಕುಂದಿದ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದು ದಿನ ಓಡಿಸಿದ್ದು ನೆನಪಿದೆಯಾ? ಹೆಂಗಸರು ಯಾವ ಹೊತ್ತಿಗೆ ಕೇಳುತ್ತಿದ್ದರು? ಕೃಷಿರಂಗ ಬರುವಾಗ ಗಂಡಸರು ಮನೆಯಲ್ಲಿದ್ದರೋ, ಪಂಚಾಯಿತಿ ಕಟ್ಟೆಯ ರೇಡಿಯೋದ ಹತ್ತಿರವೋ? ಕಾರ್ಖಾನೆ ಕೆಲಸದವರ ಮನೆಯಾದರೆ ಯಾವ ಶಿಫ್ಟು ಅಂತಲೂ ಕೇಳಿ. ರಾತ್ರಿ ಪಾಳಿ ಮುಗಿಸಿ ಮಲಗಿದ ಗಂಡಸಿದ್ದ ಮನೆಯಲ್ಲಿ ಬೆಳಗಿನ ಚಿಂತನ ಯಾರು ಕೇಳಿಯಾರು?

ವರ್ಷ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಸುದ್ದಿ ಕೇಳಿ. ನೆಹರೂ ತೀರಿಕೊಂಡ ಸುದ್ದಿಯನ್ನು ಭದ್ರಾವತಿ ನಿಲಯದಿಂದಲೇ ಕೇಳಿದೆ ಅಂತ ಹೇಳುವ ಅಜ್ಜಂದಿರು ನಮ್ಮ ಕಡೆ ಇದ್ದಾರೆ. ನೆಹರೂ ಹೋದದ್ದು 1964ರ ಮೇ 27. ನಿಲಯ ಬಂದದ್ದು ಮರುವರ್ಷದ ಫೆಬ್ರವರಿಯಲ್ಲಿ. ಅಂದರೆ ಅವರು ಕೇಳಿದ್ದು ಬೇರೆ ನಿಲಯ. ಅಜ್ಜ ಸುಳ್ಳು ಹೇಳುತ್ತಿಲ್ಲ. ಆಮೇಲೆ ದಿನಾ ಕೇಳಿದ ನಿಲಯ ಹಳೇ ನೆನಪಿನೊಳಗೂ ನುಗ್ಗಿರುತ್ತದೆ. ಎದುರಿಗೆ ತಿದ್ದಲು ಹೋಗಬೇಡಿ. ಮನೆಗೆ ಬಂದು ಪಕ್ಕದಲ್ಲಿ ಬರೆದುಕೊಳ್ಳಿ. ಶಾಸ್ತ್ರೀಜಿ ತೀರಿಕೊಂಡದ್ದು 1966ರ ಜನವರಿ 11. ಬಾಂಗ್ಲಾ ಯುದ್ಧ 1971ರ ಡಿಸೆಂಬರ್. ವಿಶ್ವಕಪ್ ಗೆದ್ದದ್ದು 1983ರ ಜೂನ್ 25ರ ರಾತ್ರಿ. ಇಂದಿರಾ ಗಾಂಧಿ ಹತ್ಯೆ 1984ರ ಅಕ್ಟೋಬರ್ 31. ಈ ಗೂಟಗಳಿಗೆ ಕಟ್ಟಿದರೆ ಬೇರೆ ನೆನಪುಗಳೂ ಜಾಗಕ್ಕೆ ಬರುತ್ತವೆ: ಆಗ ಸೆಟ್ಟು ಇತ್ತಾ, ಪಕ್ಕದ ಮನೆಗೆ ಹೋಗಿ ಕೇಳಿದಿರಾ, ಅಷ್ಟೊತ್ತಿಗೆ ಟೀವಿ ಬಂದಿತ್ತಾ.

ಮನೆಯಲ್ಲಿರುವ ಕಾಗದ, ಸರ್ಕಾರದಲ್ಲಿರುವ ಕಾಗದ

ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು ಅಂದರೆ ಈಗಿನ ಮಕ್ಕಳು ನಗುತ್ತಾರೆ. ಅಂಚೆ ಕಚೇರಿಯಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟ್ಯಾಂಪು ಹಚ್ಚಿಸಿಕೊಳ್ಳಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಆ ಪುಸ್ತಕ ಸಿಕ್ಕರೆ ಬಿಡಬೇಡಿ. ಯಜಮಾನರ ಹೆಸರು, ಊರು, ಸೆಟ್ಟಿನ ವಿವರ, ಅಂಚೆಯ ಮುದ್ರೆ, ಅದರಲ್ಲಿ ತಾರೀಖು ಎಲ್ಲ ಇರುತ್ತವೆ. ಮನೆಗೆ ರೇಡಿಯೋ ಯಾವಾಗ ಬಂತು ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಎರಡನೆಯದು ಕಾಂಟ್ರಾಕ್ಟ್ ಪತ್ರ. ನಿಲಯದಲ್ಲಿ ಹಾಡಿದವರಿಗೆ, ಮಾತಾಡಿದವರಿಗೆ ಮುಂಚೆಯೇ ಒಂದು ಪತ್ರ ಬರುತ್ತಿತ್ತು. ಕಾರ್ಯಕ್ರಮ, ದಿನ, ಹೊತ್ತು, ಎಷ್ಟು ನಿಮಿಷ, ಸಂಭಾವನೆ ಎಷ್ಟು, ಎಲ್ಲ ಅದರಲ್ಲಿದೆ. ಸೋಬಾನೆ ಹಾಡಿದ ಅಜ್ಜಿ, ಭಜನೆ ಮಂಡಳಿಯವರು, ಬತ್ತದ ರೋಗದ ಬಗ್ಗೆ ಮಾತಾಡಿದ ರೈತ, ಯುವವಾಣಿಯಲ್ಲಿ ಕವನ ಓದಿದ ಕಾಲೇಜು ಹುಡುಗಿ, ಇವರ ಮನೆಗಳಲ್ಲಿ ಆ ಪತ್ರ ಟ್ರಂಕಿನಲ್ಲಿ ಭದ್ರವಾಗಿರುತ್ತದೆ. ಚೆಕ್ಕು ಕ್ಯಾಶ್ ಆಗಿಹೋಗಿದೆ, ಪತ್ರ ಉಳಿದಿದೆ. ನಾಲ್ಕಾರು ಮನೆ ಸುತ್ತಿದರೆ ನಿಲಯದವರೇ ಮರೆತ ಕಾರ್ಯಕ್ರಮಗಳ ಪಟ್ಟಿ ಸಿಗುತ್ತದೆ.

ಹಳೆಯ ದಿನಪತ್ರಿಕೆಗಳಲ್ಲಿ ದಿನದ ರೇಡಿಯೋ ಕಾರ್ಯಕ್ರಮದ ಕಾಲಂ ಬರುತ್ತಿತ್ತು. ದೊಡ್ಡ ಗ್ರಂಥಾಲಯದಲ್ಲಿ ಬೈಂಡು ಮಾಡಿದ ಪ್ರತಿ ಕೇಳಿ. ಇಡೀ ವರ್ಷ ನೋಡುತ್ತಾ ಕೂರಬೇಡಿ, ತಲೆ ಕೆಡುತ್ತದೆ. ವರ್ಷಕ್ಕೊಂದು ವಾರ ಆರಿಸಿ, ಪ್ರತಿ ವರ್ಷವೂ ಅದೇ ವಾರ ನೋಡಿ. ಏನು ಬಂತು, ಏನು ಹೋಯಿತು ಅಂತ ತಾನಾಗಿ ಕಾಣುತ್ತದೆ. ಪ್ರಪಂಚದ ನಿಲಯಗಳ ಪಟ್ಟಿ ಕೊಡುವ ‘ವರ್ಲ್ಡ್ ರೇಡಿಯೋ ಟಿವಿ ಹ್ಯಾಂಡ್‌ಬುಕ್’ 1947ರಿಂದ ಬರುತ್ತಿದೆ. ಹಳೆಯ ಸಂಚಿಕೆಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ನಿಮ್ಮ ನಿಲಯದ ಶಕ್ತಿ ಎಷ್ಟು ಕಿಲೋವಾಟ್ ಇತ್ತು, ಯಾವ ವರ್ಷ ಏರಿತು ಅನ್ನುವುದಕ್ಕೆ ಸಾಲಾಗಿ ಸಂಚಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಇಷ್ಟಾದ ಮೇಲೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಫೀಸು, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ‘ನಿಲಯದ ಇತಿಹಾಸ ಕೊಡಿ’ ಅಂತ ಬರೆದರೆ ಸ್ಮರಣ ಸಂಚಿಕೆಯ ಜೆರಾಕ್ಸ್ ಬರುತ್ತದೆ. ‘ಮೊದಲ ಟ್ರಾನ್ಸ್‌ಮಿಟರಿನ ಶಕ್ತಿ, ಅದು ಕೆಲಸ ಶುರು ಮಾಡಿದ ದಿನ, ಬದಲಾಯಿಸಿದ ದಿನ, ಜಾಗ ಆರಿಸಿದ ಕಡತದ ನಕಲು’ ಅಂತ ಒಂದೊಂದಾಗಿ ಕೇಳಿ. ಕಡತ ಇಲ್ಲ ಅಂತ ಉತ್ತರ ಬಂದರೆ ಅದನ್ನೂ ತೆಗೆದಿಡಿ. ಈಗ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಆದದ್ದು 1997ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಕಡತಗಳು ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಡೆಯೂ ಇರಬಹುದು, ಅಲ್ಲಿಗೊಂದು ಅರ್ಜಿ ಬೇರೆ ಹಾಕಿ.

ಟೇಪುಗಳು

ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಸ್ಪೂಲ್ ಟೇಪು ದುಬಾರಿ, ಒರೆಸಿ ಮತ್ತೆ ಬಳಸುತ್ತಿದ್ದರು. ಏಳು ಇಂಚಿನ ಸ್ಪೂಲಿನಲ್ಲಿ 1200 ಅಡಿ ಟೇಪು, ಸೆಕೆಂಡಿಗೆ ಏಳೂವರೆ ಇಂಚು ಓಡಿದರೆ ಅರ್ಧ ಗಂಟೆ ಚಿಲ್ಲರೆ. ಅಷ್ಟಕ್ಕೆ ಅಷ್ಟು ಜಾಗ! ಉಳಿದಿರುವುದು ಹೆಚ್ಚಾಗಿ ಕೇಳುಗರ ಮನೆಯ ಕ್ಯಾಸೆಟ್ಟಿನಲ್ಲಿ. ರೇಡಿಯೋ, ಕ್ಯಾಸೆಟ್ ಎರಡೂ ಇರುವ ಟೂ-ಇನ್-ಒನ್ ಬಂದ ಮೇಲೆ ತಮ್ಮ ಮಗಳು ಹಾಡಿದ್ದು, ತಮ್ಮ ಪತ್ರ ಓದಿದ್ದು ಅಂತ ರೆಕಾರ್ಡ್ ಮಾಡಿಕೊಂಡವರು ಬಹಳ ಜನ.

ಮಲೆನಾಡಿನ ಕ್ಯಾಸೆಟ್ಟಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಕಂಡ ತಕ್ಷಣ ಪ್ಲೇಯರಿಗೆ ಹಾಕಿದರೆ ಟೇಪು ಓದುವ ಹೆಡ್ಡೂ ಹಾಳು, ಟೇಪೂ ಹಾಳು. ಒಣ ಜಾಗದಲ್ಲಿ ಕೆಲವು ದಿನ ಇಡಿ. ಬಿಸಿಲಿಗೆ ಮಾತ್ರ ಬೇಡ. ಮೆತ್ತನೆಯ ಬ್ರಷ್ಷಿನಲ್ಲಿ ಒರೆಸಿ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಟೇಪನ್ನು ಹೊಸ ಚಿಪ್ಪಿಗೆ ಹಾಕುವುದು ಇನ್ನೂ ಒಳ್ಳೆಯದು. ನುಡಿಸುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಸ, ಶ ಅಕ್ಷರಗಳು ಚುರುಕಾಗುವ ಜಾಗ ಹಿಡಿಯಿರಿ. ಕಂಪ್ಯೂಟರಿಗೆ ವೇವ್ ಫೈಲಾಗಿ ಹಾಕಿಕೊಳ್ಳಿ, ಎಂಪಿ3 ಆಮೇಲೆ. ಗೊರಗೊರ ಅಂತ ಪೂರಾ ತೊಳೆಯಬೇಡಿ. ಆ ಗೊರಗೊರದಲ್ಲೇ ಆ ಊರಿಗೆ ನಿಲಯ ಹೇಗೆ ಬರುತ್ತಿತ್ತು ಅನ್ನುವುದಿದೆ. ನಿಮ್ಮ ನಕ್ಷೆಗೆ ಅದೂ ಬೇಕು.

ಬರೆಯುವಾಗ

ಊರ ಹೆಸರಿನಿಂದ ಶುರು ಮಾಡಿ, ವ್ಯಕ್ತಿಗಳ ಹೆಸರಿನಿಂದ ಬೇಡ. ನಕ್ಷೆ ಮೊದಲ ಪುಟದಲ್ಲಿರಲಿ. ಕಾಗದ ನೋಡಿ ಬರೆದದ್ದು ಯಾವುದು, ಬಾಯಿಮಾತು ಯಾವುದು ಅಂತ ಓದುವವರಿಗೆ ಗೊತ್ತಾಗಬೇಕು. ಇಬ್ಬರು ಹಿರಿಯರು ಬೇರೆ ಬೇರೆ ಹೇಳಿದರೆ ಎರಡನ್ನೂ ಹಾಕಿ, ನೀವು ತೀರ್ಪು ಕೊಡಲು ಹೋಗಬೇಡಿ. ಯಾರ ಮನೆಯ ಕಾಗದ ಬಳಸಿದ್ದೀರೋ ಅವರನ್ನು ಕೇಳಿ, ಬೇಡ ಅಂದರೆ ಹೆಸರು ಬಿಡಿ. ಟ್ರಂಕಿನ ಪತ್ರಗಳನ್ನು ಮನೆಗೆ ತರಬೇಡಿ, ಅಲ್ಲೇ ಫೋಟೋ ತೆಗೆದು ವಾಪಸ್ ಇಡಿ. ತಂದ ಕಾಗದ ಹಿಂದಕ್ಕೆ ಹೋದದ್ದನ್ನು ನಾನಂತೂ ಕಂಡಿಲ್ಲ.

ಸಂಭಾವನೆ ಎಷ್ಟು ಅಂತ ಹಾಕಲು ಕೆಲವರು ನಾಚುತ್ತಾರೆ. ಹಾಕಿ. ಅದೇ ವರ್ಷ ಒಂದು ಟ್ರಾನ್ಸಿಸ್ಟರಿನ ಬೆಲೆ ಎಷ್ಟಿತ್ತು, ಕಾರ್ಖಾನೆಯಲ್ಲಿ ದಿನಗೂಲಿ ಎಷ್ಟಿತ್ತು ಅಂತ ಪಕ್ಕದಲ್ಲೇ ಕೊಡಿ. ಹತ್ತು ನಿಮಿಷ ಹಾಡಿದ ಹೆಂಗಸಿಗೆ ಆ ದುಡ್ಡು ಏನಾಗಿತ್ತು ಅಂತ ಆಗ ತಿಳಿಯುತ್ತದೆ.

ಪ್ರತಿಗಳನ್ನು ನಿಲಯಕ್ಕೊಂದು, ತಾಲೂಕು ಗ್ರಂಥಾಲಯಕ್ಕೊಂದು, ಊರಿನ ಹೈಸ್ಕೂಲಿಗೊಂದು ಕೊಡಿ. ಆಡಿಯೋ ಫೈಲುಗಳನ್ನು ಬೇರೆ ಬೇರೆ ಮನೆಗಳಲ್ಲಿರುವ ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಫೈಲಿನ ಹೆಸರಿನಲ್ಲೇ ಊರು, ವರ್ಷ ಬರೆಯಿರಿ. ಇನ್ನೊಂದು ಪ್ರತಿಯನ್ನು ಬೇಲಿಯಾಚೆ ಟವರ್ ನೋಡಿಕೊಳ್ಳುವ ಎಂಜಿನಿಯರಿಗೆ ಕೊಡುವುದನ್ನು ಮರೆಯಬೇಡಿ. ನಿಮ್ಮ ನಕ್ಷೆಯಲ್ಲಿ ತಪ್ಪಿದ್ದರೆ ಮೊದಲು ಹಿಡಿಯುವುದು ಅವರೇ.